ಕಾಡಿನ ನಕ್ಷೆಯಲ್ಲಿ ಕೊಂಡಿಗಳು

ಮೆಟ್ಟುಪಾಳಯದಿಂದ ಊಟಿಗೆ ಏರುವ ಪುಟ್ಟ ರೈಲಿಗೆ ಕೇತಿ ದಾಟಿದ ಮೇಲೆ ಸಿಗುವ ನಿಲ್ದಾಣ ಲವ್‌ಡೇಲ್. ಕೂನೂರಿನ ಗದ್ದಲ ಇಲ್ಲಿಲ್ಲ. ಆದರೂ ಇಲ್ಲಿ ಹಳಿ ಕಿತ್ತರೆ ಊಟಿಗೆ ರೈಲೇ ಇಲ್ಲ. ನಿಲ್ದಾಣ ಚಿಕ್ಕದು, ನಿಂತಿರುವ ಜಾಗ ಮಾತ್ರ ಆಯಕಟ್ಟಿನದು.

ಕಾಡನ್ನೂ ಈ ಕಣ್ಣಿನಿಂದ ನೋಡುವ ಗಣಿತವೊಂದಿದೆ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಒಗಟನ್ನು 1736ರಲ್ಲಿ ಬಿಡಿಸುತ್ತ ಗಣಿತಜ್ಞ ಆಯ್ಲರ್ ಅದಕ್ಕೆ ಬುನಾದಿ ಹಾಕಿದ. 2001ರಲ್ಲಿ ಡೀನ್ ಅರ್ಬನ್ ಮತ್ತು ಟಿಮೊತಿ ಕೀಟ್ ಅದೇ ಲೆಕ್ಕದಿಂದ ಕಾಡುತುಂಡುಗಳ ನಂಟನ್ನು ಅಳೆಯುವ ಬಗೆಯನ್ನು ವಿವರಿಸಿದರು. ಪ್ರತಿ ತುಂಡು ಕಾಡೂ ಒಂದು ಬಿಂದು. ಒಂದರಿಂದ ಇನ್ನೊಂದಕ್ಕೆ ಪ್ರಾಣಿ ಹೋಗಬಲ್ಲದಾದರೆ ನಡುವೆ ಒಂದು ಗೆರೆ. ಆಮೇಲೆ ಬಿಂದುಗಳನ್ನು ಒಂದೊಂದಾಗಿ ಅಳಿಸುತ್ತ ಹೋಗುವುದು. ಯಾವುದನ್ನು ಅಳಿಸಿದಾಗ ಇಡೀ ಜಾಲ ಎರಡು ಹೋಳಾಗುತ್ತದೋ ಅದೇ ಕೊಂಡಿ. ಎಷ್ಟೋ ಸಲ ಅದು ನಾಲ್ಕೆಕರೆಯ ಶೋಲಾ ಕಾಡಾಗಿರಬಹುದು. ಎಕರೆ ಲೆಕ್ಕದಲ್ಲಷ್ಟೇ ಸಂರಕ್ಷಣಾ ವಲಯ ಗುರುತಿಸುವವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

ನೀಲಗಿರಿಯ ಮೇಲ್ಮಲೆಯಲ್ಲಿ ಈ ಲೆಕ್ಕ ಸ್ವಲ್ಪ ತೊಡಕಿನದು. ಮೂಲದಲ್ಲಿ ಇದು ಹುಲ್ಲುಗುಡ್ಡಗಳ ನಾಡು, ಕಣಿವೆಯ ಮಡಿಲುಗಳಲ್ಲಷ್ಟೇ ಶೋಲಾ ಕಾಡು. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ನೀಲಗಿರಿ ಮರವೂ ವ್ಯಾಟಲ್ ಮರವೂ ಬಂದವು. ಸೌದೆಗೆ, ತೊಗಟೆಗೆ ಎಂದು ಗುಡ್ಡಗುಡ್ಡವೇ ನೆಡುತೋಪಾಯಿತು. (ಈ ಬೆಟ್ಟದ ಹೆಸರು ಹೊತ್ತ ಮರ ಈ ಬೆಟ್ಟದ್ದಲ್ಲ!) ಈಗ ಆ ವ್ಯಾಟಲ್ ತೋಪನ್ನು ನಕ್ಷೆಯಲ್ಲಿ ಏನೆಂದು ಬರೆಯಬೇಕು? ನೆರಳಿನಡಿ ಬದುಕುವ ಶೋಲಾ ಹಕ್ಕಿಗೆ ಎರಡು ಕಾಡುಗಳ ನಡುವಿನ ಹಳೆಯ ತೋಪು ದಾರಿಯಾದೀತು. ಅದರ ನೆರಳಲ್ಲಿ ಶೋಲಾ ಸಸಿಗಳು ತಾವಾಗಿಯೇ ಏಳುವುದೂ ಉಂಟು. ಹುಲ್ಲುಗಾವಲನ್ನೇ ನಂಬಿದ ನೀಲಗಿರಿ ಪಿಪಿಟ್ ಹಕ್ಕಿಗಾದರೋ ಅದೇ ತೋಪು ಗೋಡೆ. ಒಂದೇ ನೆಲ, ಎರಡು ಜಾಲ. ಕಡಿದರೆ ಒಂದಕ್ಕೆ ನಷ್ಟ, ಬಿಟ್ಟರೆ ಇನ್ನೊಂದಕ್ಕೆ. ಇದನ್ನು ಕಂಪ್ಯೂಟರ್ ತೀರ್ಮಾನಿಸದು. ಎಲ್ಲಿ ಕಡಿದರೆ ಯಾವ ಗೆರೆ ಹರಿಯುತ್ತದೆ, ಯಾವುದು ಕೂಡುತ್ತದೆ ಎಂದಷ್ಟೇ ತೋರಿಸುತ್ತದೆ.

ಬೆಟ್ಟದ ಬುಡದಲ್ಲಿ ಕೊಂಡಿಯ ಬೆಲೆ ನ್ಯಾಯಾಲಯದವರೆಗೂ ಹೋಗಿದೆ. ಮಸಿನಗುಡಿಯ ಸುತ್ತಲಿನ ಸೀಗೂರು ಪ್ರಸ್ಥಭೂಮಿ ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಆನೆಗಳು ಓಡಾಡುವ ಹಾದಿ. ಒಂದು ಕಡೆ ಬೆಟ್ಟದ ಕಡಿದಾದ ಗೋಡೆ, ಇನ್ನೊಂದು ಕಡೆ ಮೋಯಾರ್ ಕಮರಿ. ಸುತ್ತಿ ಹೋಗೋಣವೆಂದರೆ ಬೇರೆ ದಾರಿಯಿಲ್ಲ. ತಮಿಳುನಾಡು ಸರ್ಕಾರ 2010ರಲ್ಲಿ ಅಧಿಸೂಚಿಸಿದ ಈ ಆನೆಪಥವನ್ನು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದನ್ನು ಪ್ರಶ್ನಿಸಿದ್ದ ಅಲ್ಲಿನ ರೆಸಾರ್ಟ್‌ಗಳ ವಾದ ನಿಲ್ಲಲಿಲ್ಲ.

ಆನೆಗೆ ಸಿಕ್ಕ ಈ ಮನ್ನಣೆ ಮೇಲ್ಮಲೆಯ ಪುಟ್ಟ ಹಕ್ಕಿಗೆ ಸುಲಭವಾಗಿ ಸಿಗದು. ಅದರ ಪರವಾಗಿ ಕೋರ್ಟಿಗೆ ಹೋಗುವವರೂ ವಿರಳ. ಅರಣ್ಯ ಇಲಾಖೆಯವರು ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಕಾರ್ಯಯೋಜನೆ ಬರೆಯುತ್ತಾರೆ. ಯಾವ ತೋಪು ಕಡಿಯಬೇಕು, ಯಾವುದು ಉಳಿಯಬೇಕು ಎಂದು ಅದರಲ್ಲಿ ನಿರ್ಧರಿಸುವ ಮೊದಲು ಶೋಲಾದ ಜಾಲ, ಹುಲ್ಲಿನ ಜಾಲ ಎರಡನ್ನೂ ಒಂದರ ಮೇಲೊಂದಿಟ್ಟು ನೋಡಲಿ. ಬರೀ ಎಕರೆ ಎಣಿಸಿ ವಲಯ ಗುರುತಿಸುವ ಪದ್ಧತಿಗೆ ಇನ್ನು ಸಮರ್ಥನೆಯಿಲ್ಲ.