ಎಲ್‌ಎಸ್‌ಡಿಗೂ ಎಂಡಾರ್ಫಿನ್‌ಗೂ ಎಲ್ಲಿಯ ನಂಟು?

ಎಲ್‌ಎಸ್‌ಡಿ, ಭ್ರಮೆ ಹುಟ್ಟಿಸುವ ಅಣಬೆಗಳ ಮಾತು ಬಂದಾಗ, ಅಲ್ಲಿಲ್ಲಿ ಒಂದಿಷ್ಟು ವಿಜ್ಞಾನ ಓದಿಕೊಂಡವರು ಒಂದು ವಿವರಣೆ ಕೊಡುವುದುಂಟು. ಮಿದುಳಿನಲ್ಲಿ ಎಂಡಾರ್ಫಿನ್‌ನಂಥ ಸುಖದ ಪೆಪ್ಟೈಡುಗಳಿವೆ. ಅವು ಬೇಗ ಒಡೆದುಹೋಗುತ್ತವೆ. ಈ ಮದ್ದುಗಳು ಒಡೆಯುವುದನ್ನು ತಡೆಯುತ್ತವೆ. ಆದ್ದರಿಂದಲೇ ಅಷ್ಟೆಲ್ಲ ಬಣ್ಣ, ಅಷ್ಟೆಲ್ಲ ಆನಂದ. ಕೇಳಲು ಅಚ್ಚುಕಟ್ಟಾಗಿದೆ. ಮೊದಲ ಎರಡು ಮಾತು ನಿಜವೂ ಹೌದು. ಎಡವಟ್ಟಾಗಿರುವುದು ಮೂರನೆಯದರಲ್ಲಿ.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಣಿ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಎನ್‌ಕೆಫಲಿನ್ ಎಂಬ, ಎಂಡಾರ್ಫಿನ್‌ನ ನಂಟಿನ ಎರಡು ಪೆಪ್ಟೈಡುಗಳನ್ನು ಬೇರ್ಪಡಿಸಿದರು. ಒಂದೊಂದರಲ್ಲೂ ಐದೇ ಅಮೈನೋ ಆಮ್ಲ. ಕೊನೆಯದೊಂದು ಮಾತ್ರ ಬೇರೆ. ಮಾರ್ಫಿನ್ ಕೂರುವ ಜಾಗದಲ್ಲೇ ಇವೂ ಕೂರುತ್ತವೆ, ಆದರೆ ಹೆಚ್ಚು ಹೊತ್ತು ಬಾಳುವುದಿಲ್ಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಕೆಲಸ ಮುಗಿಸಿದ ಮೇಲೆ ನರಕೋಶ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಪೆಪ್ಟೈಡಿಗೆ ಆ ಭಾಗ್ಯವಿಲ್ಲ. ಕೋಶದ ಹೊರಮೈಯಲ್ಲಿರುವ ಕಿಣ್ವಗಳು ಅದನ್ನು ಅಲ್ಲೇ ತುಂಡರಿಸುತ್ತವೆ. ನೆಪ್ರಿಲೈಸಿನ್ ಎಂಬುದು ಮೂರನೆಯ ಮತ್ತು ನಾಲ್ಕನೆಯ ಆಮ್ಲಗಳ ನಡುವೆ ಕತ್ತರಿಸಿದರೆ, ಅಮೈನೋಪೆಪ್ಟಿಡೇಸ್ ಎನ್ ಮೊದಲನೆಯದನ್ನೇ ಕಿತ್ತುಹಾಕುತ್ತದೆ. ಯಾವ ಕಡೆಯಿಂದ ತುಂಡಾದರೂ ಎನ್‌ಕೆಫಲಿನ್ ಕೆಲಸಕ್ಕೆ ಬಾರದು.

ಎಲ್‌ಎಸ್‌ಡಿಯ ಪರಿಣಾಮಕ್ಕೆ ಕಾರಣ ಈ ಕಿಣ್ವಗಳಲ್ಲ. ಅದು ಹೋಗಿ ಕೂರುವುದು ಮುಖ್ಯವಾಗಿ 5-ಎಚ್‌ಟಿ2ಎ ಎಂಬ ಸೆರೊಟೋನಿನ್ ರಿಸೆಪ್ಟರಿನಲ್ಲಿ. ಅಣಬೆಯ ಸೈಲೋಸಿಬಿನ್ ದೇಹದೊಳಗೆ ಸೈಲೋಸಿನ್ ಆಗಿ ಮಾರ್ಪಟ್ಟು ಹಿಡಿಯುವುದೂ ಅದೇ ದಾರಿ. ಇದು ಊಹೆಯಲ್ಲ. ಜೂರಿಕ್‌ನಲ್ಲಿ ಫ್ರಾನ್ಜ್ ಫೋಲನ್‌ವೈಡರ್ ಮತ್ತು ಸಂಗಡಿಗರು ಸ್ವಯಂಸೇವಕರಿಗೆ ಮೊದಲು ಕೆಟಾನ್ಸೆರಿನ್ ಕೊಟ್ಟು, ಆಮೇಲೆ ಸೈಲೋಸಿಬಿನ್ ಕೊಟ್ಟು ನೋಡಿದರು. ಕೆಟಾನ್ಸೆರಿನ್ ಆ ರಿಸೆಪ್ಟರನ್ನು ಮುಚ್ಚುವ ಔಷಧ. ಭ್ರಮೆ ಹುಟ್ಟಲೇ ಇಲ್ಲ. ಅವರ ವರದಿ ಬಂದದ್ದು 1998ರಲ್ಲಿ. ಎಲ್‌ಎಸ್‌ಡಿಯಲ್ಲೂ ಆಮೇಲೆ ಇದೇ ಕಂಡಿತು. ಪೆಪ್ಟೈಡುಗಳು ಉಳಿದುಕೊಂಡದ್ದೇ ಕಾರಣವಾಗಿದ್ದರೆ, ಸೆರೊಟೋನಿನ್ ಬಾಗಿಲು ಮುಚ್ಚಿದ ಮಾತ್ರಕ್ಕೆ ಆಟ ನಿಲ್ಲಬೇಕಿರಲಿಲ್ಲ.

ಹಾಗಿದ್ದರೆ ಎನ್‌ಕೆಫಲಿನ್ ಒಡೆಯದಂತೆ ತಡೆಯುವ ಮದ್ದು ಇಲ್ಲವೇ? ಇದೆ, ನಮ್ಮೂರ ಮೆಡಿಕಲ್ ಶಾಪಿನಲ್ಲೇ ಇದೆ. ಮಕ್ಕಳಿಗೆ ಭೇದಿಯಾದಾಗ ಡಾಕ್ಟರು ಓಆರ್‌ಎಸ್ ಜೊತೆಗೆ ಕೆಲವೊಮ್ಮೆ ಬರೆದುಕೊಡುವ ರೇಸ್‌ಕ್ಯಾಡೋಟ್ರಿಲ್ ಪುಡಿ ಮಾಡುವುದು ನೇರವಾಗಿ ಅದೇ ಕೆಲಸ. ನೆಪ್ರಿಲೈಸಿನ್ ಅನ್ನು ಅದು ತಡೆಯುತ್ತದೆ. ಕರುಳಿನ ಗೋಡೆಯಲ್ಲಿ ಎನ್‌ಕೆಫಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಕರುಳಿನೊಳಕ್ಕೆ ನೀರು ಸುರಿಯುವುದು ಕಡಿಮೆಯಾಗುತ್ತದೆ. ಬಾಯಿಯಿಂದ ಕೊಟ್ಟ ಈ ಮದ್ದು ಮಿದುಳಿಗೆ ಅಷ್ಟಾಗಿ ತಲುಪುವುದಿಲ್ಲ. ಮಗು ಗೋಡೆಯಲ್ಲಿ ಕಾಮನಬಿಲ್ಲು ನೋಡುವುದಿಲ್ಲ, ಅಷ್ಟರಮಟ್ಟಿಗೆ ಅಮ್ಮಂದಿರು ನಿಶ್ಚಿಂತರಾಗಿರಬಹುದು. ಮಿದುಳನ್ನೂ ಮುಟ್ಟುವಂಥ ಮದ್ದುಗಳನ್ನು ಫ್ರಾನ್ಸಿನಲ್ಲಿ ಬರ್ನಾರ್ಡ್ ರೋಕ್ ತಂಡ ಮಾಡಿತು. ಒಂದು ಕಿಣ್ವವನ್ನು ಕಟ್ಟಿಹಾಕಿದರೆ ಇನ್ನೊಂದು ಆ ಕೆಲಸ ಮಾಡಿಬಿಡುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ತಡೆಯಬೇಕಾಯಿತು. ಆ ಹುಡುಕಾಟ ನಡೆದದ್ದು ನೋವು ನಿವಾರಣೆಗಾಗಿ.

ಗೊಂದಲದ ಬೇರು ಬಹುಶಃ ಅಯಾಹುವಾಸ್ಕದಲ್ಲಿದೆ. ಅಮೆಜಾನ್ ಕಾಡಿನ ಜನ ಕುದಿಸಿ ಕುಡಿಯುವ ಈ ಕಷಾಯದಲ್ಲಿ ಒಂದು ಗಿಡದ ಎಲೆಯಿಂದ ಭ್ರಮೆ ಹುಟ್ಟಿಸುವ ಡಿಎಂಟಿ ಬರುತ್ತದೆ, ಒಂದು ಬಳ್ಳಿಯಿಂದ ಹಾರ್ಮಿನ್. ಬರೀ ಡಿಎಂಟಿ ನುಂಗಿದರೆ ಕರುಳು, ಯಕೃತ್ತುಗಳಲ್ಲಿರುವ ಮಾನೋಅಮೈನ್ ಆಕ್ಸಿಡೇಸ್ ಅದನ್ನು ಮುಗಿಸಿಬಿಡುತ್ತದೆ. ಹಾರ್ಮಿನ್ ಆ ಕಿಣ್ವವನ್ನು ತಡೆಯುತ್ತದೆ. ಅಂದರೆ ಒಡೆಯುವಿಕೆಯನ್ನು ತಡೆಯುವುದು ಇಲ್ಲಿ ನಿಜವಾಗಿಯೂ ನಡೆಯುತ್ತದೆ, ಆದರೆ ಆ ಕಿಣ್ವಕ್ಕೆ ಪೆಪ್ಟೈಡ್ ಕತ್ತರಿಸಲು ಬರುವುದಿಲ್ಲ. ಅದರ ಪಾಲಿಗೆ ಬಂದಿರುವುದು ಸೆರೊಟೋನಿನ್, ಡೋಪಮೈನ್‌ನಂಥ ಪುಟ್ಟ ಅಣುಗಳು. ಖಿನ್ನತೆಗೆ ಸೆರೊಟೋನಿನ್ ಹೆಚ್ಚಿಸುವ ಮಾತ್ರೆ ನುಂಗುತ್ತಿರುವವರು ಈ ಕಷಾಯ ಕುಡಿದರೆ ಪ್ರಾಣಕ್ಕೇ ಕುತ್ತು ಬರಬಹುದು ಎನ್ನುವುದೂ ಇದೇ ಕಾರಣಕ್ಕೆ.

ಇನ್ನೊಂದು ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಎಂಡಿಎಂಎ ಎಂಬ ಮಾದಕದ್ರವ್ಯ ತೆಗೆದುಕೊಂಡವರ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುತ್ತದೆ. ಬಾಸೆಲ್‌ನಲ್ಲಿ 200 ಮೈಕ್ರೋಗ್ರಾಂ ಎಲ್‌ಎಸ್‌ಡಿ ಕೊಟ್ಟ ಪ್ರಯೋಗದಲ್ಲೂ ಅದು ಏರಿತ್ತು. ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಪೆಪ್ಟೈಡೇ. ಹಾಗಾದರೆ ಒಡೆಯುವುದು ನಿಂತಿತೇ? ಕೆರೆಯ ನೀರು ಏರಿದ್ದಕ್ಕೆ ತೂಬು ಮುಚ್ಚಿದ್ದೇ ಕಾರಣವಾಗಬೇಕಿಲ್ಲ, ಮೇಲೆ ಮಳೆಯೂ ಬಂದಿರಬಹುದು. ಸೆರೊಟೋನಿನ್ ವ್ಯವಸ್ಥೆ ಕೆರಳಿದಾಗ ಮಿದುಳಿನ ಹೈಪೋಥಲಾಮಸ್ ಹೆಚ್ಚು ಆಕ್ಸಿಟೋಸಿನ್ ಬಿಡುಗಡೆ ಮಾಡುತ್ತದೆ. ಏರಿಕೆಯನ್ನು ವಿವರಿಸಲು ಅಷ್ಟು ಸಾಕು. ರಕ್ತದಲ್ಲಿ ಅಳೆದದ್ದೇ ಮಿದುಳಿನ ಲೆಕ್ಕವೂ ಅಲ್ಲ.

 

ಪೆಪ್ಟೈಡ್ ಕಥೆಗೆ ನಿಜವಾಗಿ ಹತ್ತಿರ ಬರುವುದು ಮೆಕ್ಸಿಕೋದ ಒಂದು ಗಿಡ. ವಹಾಕಾ ಪ್ರಾಂತ್ಯದ ಮಜಾಟೆಕ್ ಜನ ಮಂತ್ರವೈದ್ಯದಲ್ಲಿ ಬಳಸುವ ಸಾಲ್ವಿಯಾದಲ್ಲಿರುವ ಸಾಲ್ವಿನೊರಿನ್ ಎ ಎಂಬ ವಸ್ತು ಸೆರೊಟೋನಿನ್ ಬಾಗಿಲಿಗೆ ಹೋಗುವುದೇ ಇಲ್ಲ. ಡೈನಾರ್ಫಿನ್ ಎಂಬ ಪೆಪ್ಟೈಡ್ ಕೂರುವ ಕಪ್ಪಾ ಒಪಿಯಾಯ್ಡ್ ರಿಸೆಪ್ಟರಿನಲ್ಲಿ ಅದು ಕೂರುತ್ತದೆ ಎಂದು 2002ರಲ್ಲಿ ಬ್ರಯಾನ್ ರಾತ್ ತಂಡ ತೋರಿಸಿತು. ಅಲ್ಲಿಯೂ ಡೈನಾರ್ಫಿನ್ ಒಡೆಯದಂತೆ ಅದು ಕಾಯುತ್ತಿಲ್ಲ. ಡೈನಾರ್ಫಿನ್‌ನ ಜಾಗವನ್ನು ತಾನೇ ಹಿಡಿಯುತ್ತದೆ. ಅದರಿಂದ ಸಿಗುವುದು ಸುಖವೂ ಅಲ್ಲ. ಕಪ್ಪಾ ರಿಸೆಪ್ಟರ್ ಕೆರಳಿದರೆ ಬಹಳ ಜನಕ್ಕೆ ಆಗುವುದು ಕಳವಳ, ಚಡಪಡಿಕೆ.