ಎರಡನೆಯ ಜ್ವರ

ಗದಗದಿಂದ ಮುಳಗುಂದದ ಕಡೆಗೆ ಹೋಗುವ ರಸ್ತೆಯ ಮಲ್ಲಸಮುದ್ರದಲ್ಲಿರುವ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜನರ ಬಾಯಲ್ಲಿ ‘ಜಿಮ್ಸ್’, 2020ರಲ್ಲಿ ಜಿಲ್ಲೆಯ ಕೋವಿಡ್ ರೋಗಿಗಳ ಚಿಕಿತ್ಸೆಗೆ ನಿಂತಾಗ, ಈ ಸೋಂಕು ವಯಸ್ಸಾದವರನ್ನು ಕಾಡುವಂಥದ್ದು, ಮಕ್ಕಳಿಗೆ ಅಷ್ಟಾಗಿ ತೊಂದರೆಯಿಲ್ಲ ಎಂಬ ನಂಬಿಕೆ ಎಲ್ಲೆಡೆ ಇತ್ತು. ಆ ನಂಬಿಕೆ ಬಹುಪಾಲು ನಿಜವೂ ಆಗಿತ್ತು. ಆದರೆ ಸೋಂಕು ಬಂದುಹೋಗಿ ಎರಡರಿಂದ ಆರು ವಾರ ಕಳೆದ ಮೇಲೆ ಬೆರಳೆಣಿಕೆಯ ಮಕ್ಕಳಲ್ಲಿ ಕಾಣಿಸಿಕೊಂಡು ಹೃದಯವನ್ನೇ ಹಿಡಿಯುವ ಎರಡನೆಯ ಜ್ವರವೊಂದು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಅದರ ಸುಳಿವು ಮೊದಲು ಸಿಕ್ಕಿದ್ದು ಉಳ್ಳವರ ದೇಶಗಳಲ್ಲಿ. 2020ರ ಏಪ್ರಿಲ್ ಕೊನೆಯ ವಾರ ಬ್ರಿಟನ್ನಿನ ಮಕ್ಕಳ ವೈದ್ಯರು ಎಚ್ಚರಿಕೆ ನೀಡಿದರೆ, ಇಟಲಿಯ ಬೆರ್ಗಾಮೊದವರು ಕವಾಸಾಕಿ ಕಾಯಿಲೆಯಂಥ ಪ್ರಕರಣಗಳು ಸುಮಾರು 30 ಪಟ್ಟು ಏರಿವೆ ಎಂದು ಬರೆದರು. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ 50 ಮಕ್ಕಳ ವಿವರಗಳೊಂದಿಗೆ ಪ್ರಕಟಿಸಿದ ಆ ಹಳೆಯ ಕಾಯಿಲೆಯಲ್ಲಿ ಕಣ್ಣು ಮತ್ತು ತುಟಿ ಕೆಂಪೇರಿ, ಹೃದಯಕ್ಕೆ ರಕ್ತ ಒದಗಿಸುವ ಕರೊನರಿ ನಾಳಗಳು ಉಬ್ಬುವುದೂ ಉಂಟು. ಕೋವಿಡ್ ತರುವಾಯದ ಹೊಸ ತೊಂದರೆಯಲ್ಲಿ, ಅಂದರೆ ‘ಎಂಐಎಸ್-ಸಿ’ ಎಂಬ ಬಹು ಅಂಗಗಳ ಉರಿಯೂತದಲ್ಲಿ, ನಾಳಗಳ ಜೊತೆಗೆ ಹೃದಯದ ಸ್ನಾಯುವೂ ಸೋತು, ರಕ್ತದೊತ್ತಡ ಕುಸಿದು ಮಗು ಆಘಾತದ ಸ್ಥಿತಿಗೆ ಜಾರುವುದು ಹೆಚ್ಚು. ಅಮೆರಿಕದಲ್ಲಿ ಇಂಥ 186 ಮಕ್ಕಳನ್ನು ಗಮನಿಸಿದ ಅಧ್ಯಯನದಲ್ಲಿ ಶೇ 80ರಷ್ಟು ಮಂದಿಯ ಹೃದಯ ಮತ್ತು ರಕ್ತನಾಳಗಳಿಗೆ ಪೆಟ್ಟು ಬಿದ್ದಿತ್ತು. ಭಾರತದಲ್ಲಿ ಆರಂಭದಲ್ಲೇ ವರದಿಯಾದ ಪ್ರಕರಣಗಳಲ್ಲಿ ಚೆನ್ನೈನ ಎಂಟು ವರ್ಷದ ಬಾಲಕನದೂ ಒಂದು.

ಸೋಂಕು ಮರೆತುಹೋದ ಮೇಲೆ ಹೃದಯ ಕೆಡುವುದು ಉತ್ತರ ಕರ್ನಾಟಕದ ವೈದ್ಯರಿಗೆ ಹೊಸ ಮಾತಲ್ಲ. ಗಂಟಲುನೋವು ಬಂದು ಎರಡು ಮೂರು ವಾರಕ್ಕೆ ಕೀಲುಗಳು ಬಾತು, ಹೃದಯದ ಕವಾಟಗಳು ಹಾಳಾಗುವ ರುಮ್ಯಾಟಿಕ್ ಜ್ವರ ಬಡವರ ಕಾಯಿಲೆಯೆಂದೇ ಹೆಸರಾಗಿದೆ. ಅಲ್ಲಿಯಂತೆ ಎಂಐಎಸ್-ಸಿಯಲ್ಲೂ ದಾಳಿ ಮಾಡುವುದು ರೋಗಾಣುವಿಗಿಂತ ಹೆಚ್ಚಾಗಿ ಅದರ ವಿರುದ್ಧ ಕೆರಳಿ ಹದ ತಪ್ಪಿದ ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯೇ. ರುಮ್ಯಾಟಿಕ್ ಜ್ವರವನ್ನು ಇಷ್ಟು ಕಾಲ ನೋಡಿಯೂ ಕೋವಿಡ್ ಮಕ್ಕಳನ್ನು ಬಿಟ್ಟಿತೆಂದು ಬೇಗನೆ ನಿಟ್ಟುಸಿರುಬಿಟ್ಟದ್ದೇ ಸೋಜಿಗ.

ಕಷ್ಟವಿರುವುದು ಗುರುತು ಹಿಡಿಯುವುದರಲ್ಲಿ. ಮೂರು ದಿನದ ಜ್ವರ, ಹೊಟ್ಟೆನೋವು, ವಾಂತಿ, ಮೈಮೇಲೆ ದದ್ದು ಇವೆಲ್ಲ ಮುಂಡರಗಿ, ಶಿರಹಟ್ಟಿ ಕಡೆಯ ಆಸ್ಪತ್ರೆಯಲ್ಲಿ ಮೊದಲು ಡೆಂಗಿಯನ್ನೋ ಟೈಫಾಯ್ಡನ್ನೋ ನೆನಪಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ 15ರಂದು ಹೊರತಂದ ವ್ಯಾಖ್ಯೆ, ಪರೀಕ್ಷೆಯಲ್ಲಿ ಸೋಂಕು ಸಾಬೀತಾಗದಿದ್ದರೂ ಸೋಂಕಿತರ ಸಂಪರ್ಕ ಬಂದಿರುವ ಸಂಭವವಿದ್ದರೆ ಸಾಕು ಎಂದದ್ದು, ಪರೀಕ್ಷೆಯೇ ನಡೆಯದ ಹಳ್ಳಿಗಳ ಮಟ್ಟಿಗೆ ದೊಡ್ಡ ಸಹಾಯ. ಹೃದಯದ ಮಾತು ಮಾತ್ರ ಎಕೋ ಪರೀಕ್ಷೆಯಿಲ್ಲದೆ ಪೂರ್ತಿ ತಿಳಿಯದು. ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಶಬ್ದತರಂಗ ಬಿಡುವ ಸಣ್ಣ ಉಪಕರಣ ಒತ್ತಿ, ಅಳುವ ಮಗು ಸುಮ್ಮನಾಗುವವರೆಗೆ ಕಾದು, ಕರೊನರಿ ನಾಳದ ಅಗಲವನ್ನು ಮಿಲಿಮೀಟರಿನ ಭಾಗಗಳಲ್ಲಿ ಅಳೆದು, ಅದು ಮಗುವಿನ ಗಾತ್ರಕ್ಕೆ ಹೆಚ್ಚೋ ಅಲ್ಲವೋ ಎಂದು ಲೆಕ್ಕಹಾಕಬೇಕು. ಯಂತ್ರ ಕೊಳ್ಳಬಹುದು, ಆ ಅಳತೆಗೆ ಪಳಗಿದ ಕೈ ಸಿಗುವುದು ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿ.

ಔಷಧದ ಕಥೆ ಇದಕ್ಕಿಂತ ಕುತೂಹಲಕರ. ಕವಾಸಾಕಿ ಕಾಯಿಲೆಯಿಂದ ಎರವಲು ಬಂದ ಮೊದಲ ಮದ್ದು ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾದಿಂದ ಬೇರ್ಪಡಿಸಿದ ಪ್ರತಿಕಾಯಗಳ ದ್ರಾವಣ. ಮಗುವಿನ ಪ್ರತಿ ಕಿಲೊ ತೂಕಕ್ಕೆ 2 ಗ್ರಾಂ ಎಂಬ ಪ್ರಮಾಣದಲ್ಲಿ, 20 ಕಿಲೊ ತೂಗುವ ಹುಡುಗಿಗೆ 40 ಗ್ರಾಂ, ಅಂದರೆ 5 ಗ್ರಾಮಿನ ಎಂಟು ಸೀಸೆ ಬೇಕು. ಕೂಲಿಯ ಮನೆಗೆ ಎಟುಕುವ ಬೆಲೆಯಲ್ಲ. ಅದು ಸಿಗದ ಕಡೆ ವೈದ್ಯರು ಅಗ್ಗದ ಸ್ಟೀರಾಯ್ಡ್ ಕೊಟ್ಟರು. 2021ರ ಜೂನಿನಲ್ಲಿ ಪ್ರಕಟವಾದ, 32 ದೇಶಗಳ 614 ಮಕ್ಕಳ ಅಧ್ಯಯನ ಆ ದುಬಾರಿ ಮದ್ದಿಗೂ ಸ್ಟೀರಾಯ್ಡಿಗೂ ಗುಣವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆ ಸೇರಿದ ಇಂಥ ಮಕ್ಕಳಿಗೆ ಸ್ಟೀರಾಯ್ಡ್ ಕೊಡಬಹುದೆಂದು ಶಿಫಾರಸು ಮಾಡಿತು. ಬಡತನ ಕಲಿಸಿದ್ದನ್ನು ವಿಜ್ಞಾನ ಒಪ್ಪಿತೆಂದು ಬೀಗುವುದಕ್ಕೆ ಇದು ಆಧಾರವಾಗದು, ಏಕೆಂದರೆ ಆಘಾತಕ್ಕೆ ಜಾರಿದ ಮಗುವಿಗೆ ಸ್ಟೀರಾಯ್ಡ್ ಜೊತೆಗೆ ತೀವ್ರ ನಿಗಾ ಘಟಕದ ಹಾಸಿಗೆಯೂ ಬೇಕು.

ಓಮಿಕ್ರಾನ್ ತಳಿ ಬಂದ ಮೇಲೆ ಈ ಜ್ವರ ತೀರ ವಿರಳವಾಗಿದೆ, ಸೋತ ಹೃದಯಸ್ನಾಯು ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರಗಳಲ್ಲೇ ಚೇತರಿಸಿಕೊಂಡಿದೆ. ಆದರೂ ಒಂದೆರಡು ವಾರದಲ್ಲಿ ಒಮ್ಮೆ, ಬಳಿಕ ನಾಲ್ಕರಿಂದ ಆರು ವಾರದೊಳಗೆ ಇನ್ನೊಮ್ಮೆ ಎಕೋ ಮಾಡಿಸಬೇಕು, ಕೆಲವು ತಿಂಗಳು ಓಟ, ಕಬಡ್ಡಿ ಬಿಡಿಸಬೇಕು ಎಂಬುದು ತಜ್ಞರ ಸಲಹೆ. ಜ್ವರ ಬಿಟ್ಟು ಓಣಿಯಲ್ಲಿ ಆಡಿಕೊಂಡಿರುವ ಹುಡುಗನನ್ನು, ಎರಡು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿಸಿ, ಗದಗದಿಂದ ಸುಮಾರು 60 ಕಿಲೊಮೀಟರ್ ಆಚೆಯ ಹುಬ್ಬಳ್ಳಿಗೋ ಇನ್ನೂ ದೂರದ ಬೆಂಗಳೂರಿಗೋ ಕರೆದೊಯ್ಯಬೇಕಾದಾಗ, ಆಸ್ಪತ್ರೆಯ ಚೀಟಿಯಲ್ಲಿ ಬರೆದುಕೊಟ್ಟ ಆ ಎರಡನೆಯ ತಾರೀಖು ಚೀಟಿಯಲ್ಲೇ ಉಳಿದುಬಿಡುತ್ತದೆ.