ಮೊರೋಜ್ಕೋ, ಕರಡಿ ಮತ್ತು ಕತೆಯ ಕಟ್ಟು

ಮಲತಾಯಿಯ ಕಾಟ ತಾಳಲಾರದೆ ಮುದುಕ ತನ್ನ ಮಗಳನ್ನು ಹಿಮ ಸುರಿಯುವ ಕಾಡಿನಲ್ಲಿ ಬಿಟ್ಟು ಬರುತ್ತಾನೆ. ಚಳಿಯ ಒಡೆಯ ಮೊರೋಜ್ಕೋ ಮರದಿಂದ ಮರಕ್ಕೆ ನೆಗೆಯುತ್ತ ಬಂದು, ಬೆಚ್ಚಗಿದ್ದೀಯಾ ಎಂದು ವಿಚಾರಿಸುತ್ತಾನೆ. ಹಲ್ಲು ಕಟಕಟ ಅನ್ನುತ್ತಿದ್ದರೂ ಹುಡುಗಿ ಮೆತ್ತಗೇ ಉತ್ತರಿಸುತ್ತಾಳೆ. ಅವನ ಮನಸ್ಸು ಕರಗುತ್ತದೆ, ಉಡುಗೊರೆ ಕೊಟ್ಟು ಕಳಿಸುತ್ತಾನೆ. ಅದೇ ಆಸೆಗೆ ಬಂದ ಮಲತಾಯಿಯ ಸ್ವಂತ ಮಗಳು ಒರಟಾಗಿ ಮಾತಾಡಿ ಪ್ರಾಣ ಕಳೆದುಕೊಳ್ಳುತ್ತಾಳೆ.

ಅಫನಾಸ್ಯೇವ್ 1855ರಿಂದ 1863ರವರೆಗೆ ಹೊರತಂದ ರಷ್ಯನ್ ಜನಪದ ಕತೆಗಳ ಸಂಗ್ರಹದಲ್ಲಿ ಇದರ ಆಸುಪಾಸಿನಲ್ಲೇ ಇಂಥ ಇನ್ನೂ ಕೆಲವು ಕತೆಗಳಿವೆ. ಒಂದರಲ್ಲಿ ಹುಡುಗಿಗೆ ಎದುರಾಗುವುದು ಕರಡಿ, ಇನ್ನೊಂದರಲ್ಲಿ ಕಾಡಿನ ಭೂತ. ಪಾತ್ರ ಬೇರೆಯಾದದ್ದರಿಂದ ಅಫನಾಸ್ಯೇವ್ ಅವನ್ನು ಬೇರೆ ಬೇರೆ ಕತೆಗಳೆಂದೇ ಎಣಿಸಿದ್ದರು. ದಶಕಗಳ ಬಳಿಕ, ಆಗಷ್ಟೇ ವಿಶ್ವವಿದ್ಯಾಲಯದಿಂದ ಹೊರಬಂದಿದ್ದ ವ್ಲಾದಿಮಿರ್ ಪ್ರೊಪ್ ಇವನ್ನು ಒಂದರ ಹಿಂದೊಂದು ಓದುತ್ತಿದ್ದಾಗ ತಡೆದು ನಿಂತರು. ಪರೀಕ್ಷಿಸುವವನು ಯಾರಾದರೇನು, ನಡೆಯುವುದು ಒಂದೇ: ಮನೆಯಿಂದ ಹೊರಹಾಕುವುದು, ಪರೀಕ್ಷೆ, ಬಹುಮಾನ. ಹಾಗಿದ್ದಮೇಲೆ ಇದು ಒಂದೇ ಕತೆಯಲ್ಲವೇ? ಕತೆಯನ್ನು ಪಾತ್ರದಿಂದಲ್ಲ, ಪಾತ್ರ ಮಾಡುವ ಕೆಲಸದಿಂದ ಗುರುತಿಸಬೇಕು ಎಂಬ ಹೊಳಹು ಅಲ್ಲಿ ಸಿಕ್ಕಿತು. ಅದು ಎಷ್ಟು ದೊಡ್ಡ ಹೊಳಹು ಎಂದು ತಿಳಿಯಬೇಕಾದರೆ, ಅಂದಿನ ಪಂಡಿತರು ಕತೆಗಳನ್ನು ವಿಂಗಡಿಸುತ್ತಿದ್ದ ಬಗೆ ನೋಡಬೇಕು. ಪ್ರಾಣಿ ಬಂದರೆ ಒಂದು ಗುಂಪು, ಮಾಯೆ ಬಂದರೆ ಇನ್ನೊಂದು. ಒಂದೇ ಕೆಲಸವನ್ನು ಇಲ್ಲಿ ಕರಡಿಯೂ ಅಲ್ಲಿ ಭೂತವೂ ಮಾಡಿದರೆ ಆ ವಿಂಗಡಣೆ ಕೈಕೊಡುತ್ತಿತ್ತು.

ಪ್ರೊಪ್ ಅದೇ ಸಂಗ್ರಹದ ನೂರು ಕಿನ್ನರ ಕತೆಗಳನ್ನು ಬಿಡಿಸಿ ನೋಡಿದರು. ರಾಜ ಹದ್ದು ಕೊಡುತ್ತಾನೆ, ಮುದುಕ ಕುದುರೆ ಕೊಡುತ್ತಾನೆ, ರಾಜಕುಮಾರಿ ಉಂಗುರ ಕೊಡುತ್ತಾಳೆ. ಅದರ ಬಲದಿಂದ ನಾಯಕ ಬೇರೊಂದು ರಾಜ್ಯ ಸೇರುತ್ತಾನೆ. ಕೊಡುವವರೆಲ್ಲ ಒಂದೇ ಪಾತ್ರ, 'ದಾನಿ'. ಹೀಗೆ ಸೋಸಿದಾಗ ಉಳಿದವು 31 ಕ್ರಿಯೆಗಳು, ಏಳು ಬಗೆಯ ಪಾತ್ರಗಳು: ಖಳ, ದಾನಿ, ಸಹಾಯಕ, ರಾಜಕುಮಾರಿ ಮತ್ತವಳ ತಂದೆ, ನಾಯಕನನ್ನು ಕಳಿಸುವವನು, ನಾಯಕ, ಹುಸಿ ನಾಯಕ. ಎಲ್ಲ ಕತೆಯಲ್ಲೂ ಎಲ್ಲ ಕ್ರಿಯೆಗಳೂ ಇರುವುದಿಲ್ಲ, ಆದರೆ ಇರುವವು ಬರುವ ಸರದಿ ಬದಲಾಗದು ಎಂದರು ಪ್ರೊಪ್. ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಈ ಸರದಿಯ ಮಾತೇ. ಹೇಳುವ ಅಜ್ಜಿಗೆ ಯಾರೂ ಕಲಿಸದ ನಿಯಮ ಅದು.

1928ರಲ್ಲಿ ಲೆನಿನ್‌ಗ್ರಾಡಿನಲ್ಲಿ ಈ ಅಧ್ಯಯನ ಪುಸ್ತಕವಾಗಿ ಅಚ್ಚಾಯಿತು. ಹೆಸರಿನಲ್ಲಿದ್ದ 'ಕಿನ್ನರ' ಎಂಬ ವಿಶೇಷಣವನ್ನು ಸಂಪಾದಕರು ತೆಗೆದುಹಾಕಿದ್ದರಿಂದ, ಇದು ಜಗತ್ತಿನ ಎಲ್ಲ ಜನಪದ ಕತೆಗಳಿಗೂ ಬರೆದ ಸೂತ್ರವೆಂಬ ತಪ್ಪು ತಿಳಿವಳಿಕೆ ಹಬ್ಬಿತು. ಇಂಗ್ಲಿಷಿಗೆ ಬಂದದ್ದು ಮೂವತ್ತು ವರ್ಷಗಳ ನಂತರ, 1958ರಲ್ಲಿ.

ಪ್ರೊಪ್ ಪಟ್ಟಿಯ ಕೊನೆಯ ಕ್ರಿಯೆ ಮದುವೆ. ಎ.ಕೆ. ರಾಮಾನುಜನ್ ನಮ್ಮ ಹೆಂಗಸರು ಹೇಳುವ ಕತೆಗಳನ್ನು ಕೂಡಿಹಾಕಿದಾಗ ಕಂಡದ್ದು ಬೇರೆಯೇ: ಹೆಣ್ಣು ನಡುವಿರುವ ಕತೆಗಳಲ್ಲಿ ಬಹಳಷ್ಟು ಸಲ ಮದುವೆಯಾದ ಮೇಲೇ ಕಷ್ಟ ಶುರು. ಅಂಥದೊಂದು ಕತೆಯಲ್ಲಿ ಹೂವಿನ ಗಿಡವಾಗುವ ಹುಡುಗಿ ರಾಜಕುಮಾರನನ್ನು ಮದುವೆಯಾಗುತ್ತಾಳೆ. ಬಳಿಕ ನಾದಿನಿ ಅವಳನ್ನು ಗಿಡವಾಗಿಸಿ, ಕೊಂಬೆ ಮುರಿದು ಹೋಗುತ್ತಾಳೆ. ಕೈಕಾಲಿಲ್ಲದೆ ಉಳಿದ ಅವಳನ್ನು ಮತ್ತೆ ಇಡಿಯಾಗಿಸುವವನು ಗಂಡ, ಹೇಗೆಂದು ಹೇಳಿಕೊಡುವವಳು ಅವಳೇ. ನಾಯಕ, ದಾನಿ, ಸಹಾಯಕ ಎಂಬ ಹೆಸರುಗಳನ್ನು ಇಲ್ಲಿ ಯಾರಿಗೆ ಹಂಚುವುದು?